ಕರಿಮುಳ್ಳಿನ ನೆಲಗಪ್ಪೆಯ ಮೂಲನೆಲೆ: ಷ್ನೈಡರ್‌ನ 1799ರ ಹೆಸರು ಮತ್ತು ಬಯಲುಸೀಮೆಯ ನೆಲಗಪ್ಪೆಗಳ ವರ್ಗೀಕರಣ

ನಮ್ಮ ಮನೆಯಂಗಳಕ್ಕೆ, ಕಣದ ಮೂಲೆಗೆ, ಬೀದಿದೀಪದ ಬುಡಕ್ಕೆ ಬರುವ ಸಾಮಾನ್ಯ ನೆಲಗಪ್ಪೆಗೆ ಪ್ರಾಣಿಶಾಸ್ತ್ರದಲ್ಲಿ ಡಟ್ಟಾಫ್ರೈನಸ್ ಮೆಲಾನೊಸ್ಟಿಕ್ಟಸ್ ಎಂಬ ಹೆಸರಿದೆ. ಪ್ರಭೇದದ ಹೆಸರು 1799ರದು, ಜಾತಿಯ ಹೆಸರು 2006ರದು. ಈ ಎರಡರಲ್ಲಿ ಹೊಸದೇ ಗಟ್ಟಿಯಾಗಿ ನಿಂತಿದೆ, ಅಲುಗಾಡುತ್ತಿರುವುದು ಹಳೆಯದು. ಪಾಕಿಸ್ತಾನದಿಂದ ಇಂಡೊನೇಷ್ಯಾದವರೆಗೆ ಒಂದೇ ಪ್ರಭೇದವೆಂದು ಎಣಿಸಿದ್ದ ಈ ಪ್ರಾಣಿ ಹಲವು ಪ್ರಭೇದಗಳ ಕೂಟವಿರಬೇಕೆಂಬ ಅಭಿಪ್ರಾಯ ಬಲಗೊಳ್ಳುತ್ತಿದೆ. ಕೂಟ ಒಡೆದರೆ ಮೆಲಾನೊಸ್ಟಿಕ್ಟಸ್ ಎಂಬ ಹೆಸರು ಯಾವ ತುಂಡಿಗೆ ಸೇರಬೇಕು? ಆಗ್ನೇಯ ಏಷ್ಯಾದ ಕಪ್ಪೆಗಳಿಗೆ ಆ ಹೆಸರನ್ನು ಬಿಟ್ಟುಕೊಟ್ಟು, ಭಾರತ ಉಪಖಂಡದ ಕಪ್ಪೆಗಳಿಗೆ ದೊದಾಂ 1802ರಲ್ಲಿ ಕೊಟ್ಟ ಬೆಂಗಾಲೆನ್ಸಿಸ್ ಎಂಬ ಹೆಸರನ್ನು ಎತ್ತಿಕೊಳ್ಳಬಹುದೆಂಬ ಸಲಹೆ ಚಾಲ್ತಿಯಲ್ಲಿದೆ. ಆ ಸಲಹೆಯನ್ನು ಒಪ್ಪಲಾಗದು ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ಆಧಾರ ಷ್ನೈಡರ್‌ನ ಪುಸ್ತಕದಲ್ಲೇ ಇದೆ. ಆದರೆ ಅದು ನೆಲಗಪ್ಪೆಯ ವರ್ಣನೆಯಲ್ಲಿಲ್ಲ, ಅದೇ ಪುಸ್ತಕದ ಬೇರೆ ಕಪ್ಪೆಗಳಲ್ಲಿದೆ.

ವಿವಾದವಿಲ್ಲದ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿಂದೆ ಜಗತ್ತಿನ ಬಹುಪಾಲು ನೆಲಗಪ್ಪೆಗಳು ಬುಫೋ ಎಂಬ ಒಂದೇ ಜಾತಿಯಲ್ಲಿದ್ದವು. 2006ರಲ್ಲಿ ಡ್ಯಾರೆಲ್ ಫ್ರಾಸ್ಟ್ ಮತ್ತು ಸಂಗಡಿಗರು ಉಭಯವಾಸಿಗಳ ವಂಶವೃಕ್ಷವನ್ನು ಹೊಸದಾಗಿ ಕಟ್ಟಿದಾಗ ದಕ್ಷಿಣ ಏಷ್ಯಾದ ಗುಂಪನ್ನು ಬೇರ್ಪಡಿಸಿ, ಭಾರತೀಯ ಉಭಯವಾಸಿ ವಿಜ್ಞಾನಿ ಸುಶೀಲ್ ಕುಮಾರ್ ದತ್ತಾ ಅವರ ಗೌರವಾರ್ಥ ಡಟ್ಟಾಫ್ರೈನಸ್ ಎಂದು ಹೆಸರಿಟ್ಟರು. ಆ ಜಾತಿಗೆ ಮಾದರಿ ಪ್ರಭೇದ ಮೆಲಾನೊಸ್ಟಿಕ್ಟಸ್. 2009ರಲ್ಲಿ ವಾನ್ ಬೊಕ್ಸ್‌ಲಾರ್, ಬಿಜು ಮತ್ತಿತರರು ಪಶ್ಚಿಮಘಟ್ಟ ಮತ್ತು ಶ್ರೀಲಂಕಾದ ನೆಲಗಪ್ಪೆಗಳ ವೈವಿಧ್ಯಕ್ಕೆ ಹೊರಗಿನಿಂದ ಭಾರತದೊಳಕ್ಕೆ ನಡೆದ ವಲಸೆಯೂ ಒಂದು ಕಾರಣವೆಂದು ತೋರಿಸಿದರು. ಅದೇ ವರ್ಷ ಬಿಜು ಮತ್ತು ಸಂಗಡಿಗರು ಪಶ್ಚಿಮಘಟ್ಟಕ್ಕೇ ಸೀಮಿತವಾದ ಘಾಟೊಫ್ರೈನ್ ಮತ್ತು ಕ್ಸಾಂಥೊಫ್ರೈನ್ ಎಂಬ ಎರಡು ಪುಟ್ಟ ಜಾತಿಗಳನ್ನು ಸ್ಥಾಪಿಸಿದರು. ಮೊದಲನೆಯದರಲ್ಲಿ ಗುಂಥರ್ ಬ್ರಹ್ಮಗಿರಿಯಿಂದ ವರ್ಣಿಸಿದ್ದ ಝರಿಗಪ್ಪೆ ಸೇರಿದೆ. 2021ರಲ್ಲಿ ದ್ಯುಬ್ವಾ, ಓಲರ್ ಮತ್ತು ಪೈರನ್ ಇನ್ನೂ ಮುಂದೆ ಹೋಗಿ, ಲ್ಯುಟ್ಕೆನ್ 1864ರಲ್ಲಿ ಹೆಸರಿಸಿದ ಸ್ಟೊಮ್ಯಾಟಿಕಸ್ ಮತ್ತು ಅದರ ಒಣನಾಡಿನ ಬಂಧುಗಳನ್ನು ಡಟ್ಟಾಫ್ರೈನಸ್‌ನಿಂದ ತೆಗೆದು ಫಿರೂಜೊಫ್ರೈನಸ್ ಎಂಬ ಹೊಸ ಜಾತಿಗೆ ಹಾಕಿದರು. ಇದನ್ನು ಎಲ್ಲರೂ ಒಪ್ಪಿಲ್ಲ. ಒಂದು ಕವಲು ಇನ್ನೊಂದಕ್ಕೆ ಸೋದರಿಯಾಗಿದ್ದರೆ ಎರಡನ್ನೂ ಒಂದೇ ಜಾತಿಯಲ್ಲಿಟ್ಟರೂ ವಂಶವೃಕ್ಷಕ್ಕೆ ಅಪಚಾರವಾಗುವುದಿಲ್ಲ. ಆದ್ದರಿಂದ ಅದನ್ನು ಅನುಕೂಲದ ಪ್ರಶ್ನೆಯೆಂದು ಬದಿಗಿಡುತ್ತೇನೆ. ಪ್ರಭೇದದ ಹೆಸರು ಹಾಗಲ್ಲ. ಅದು ಒಂದು ನಿರ್ದಿಷ್ಟ ಪ್ರಾಣಿಯ ದೇಹಕ್ಕೆ ಕಟ್ಟುಬಿದ್ದಿರುತ್ತದೆ.

ದಾವಣಗೆರೆ ಸೀಮೆಯಲ್ಲಿ ಈ ಗುಂಪಿನ ಯಾವ ಪ್ರಾಣಿಗಳು ಕಾಣುತ್ತವೆ ಎಂಬುದನ್ನು ಮೊದಲು ಹೇಳಬೇಕು. ಆನೆಕೊಂಡದ ಸುತ್ತ ಭದ್ರಾ ನಾಲೆಯ ನೀರುಣ್ಣುವ ಗದ್ದೆಬದುಗಳಲ್ಲಿ, ಕುಂದುವಾಡ ಕೆರೆಯ ಏರಿಯ ಕೆಳಗೆ, ಹರಿಹರದಲ್ಲಿ ತುಂಗಭದ್ರೆಯ ದಂಡೆಯ ತೋಟಗಳಲ್ಲಿ ಹದಮಳೆ ಬಿದ್ದ ರಾತ್ರಿ ದೊಡ್ಡ ನೆಲಗಪ್ಪೆಯನ್ನು ಹುಡುಕಬೇಕಾಗಿಲ್ಲ, ಅದೇ ಕಾಲಿಗೆ ಸಿಗುತ್ತದೆ. ಕೈಯಲ್ಲಿ ಹಿಡಿದು ದೀಪದ ಬೆಳಕಿಗೆ ತಂದರೆ ತಲೆಯ ಮೇಲಿನ ಏಣುಗಳು ಸ್ಪಷ್ಟವಾಗಿ ತೋರುತ್ತವೆ. ಮೂಗಿನ ಹೊಳ್ಳೆಯ ಕಡೆಯಿಂದ ಹೊರಟ ಏಣು ಕಣ್ಣಿನ ಮುಂದೆ ಕವಲೊಡೆದು, ಹುಬ್ಬಿನಂತೆ ಮೇಲೆ ಹರಿದು, ಕಣ್ಣಿನ ಹಿಂದೆ ಇಳಿದು, ಒಂದು ಮೊಟಕು ತುಂಡಾಗಿ ಕಿವಿಪಟಲದ ಕಡೆಗೆ ಹೋಗುತ್ತದೆ. ಬಲಿತ ಪ್ರಾಣಿಯಲ್ಲಿ ಈ ಏಣಿನ ಅಂಚು ಕೊಂಬಿನಂತೆ ಗಟ್ಟಿಯಾಗಿ ಕಪ್ಪಾಗಿರುತ್ತದೆ. ಬೆನ್ನಿನ ನರುಲಿಗಳ ತುದಿಯಲ್ಲಿ ಕರಿಯ ಮುಳ್ಳು, ಬೆರಳುಗಳ ತುದಿಯೂ ಕಪ್ಪು. ಕಿವಿಪಟಲದ ಹಿಂದೆ ಉಬ್ಬಿದ ಪ್ಯಾರಟಾಯ್ಡ್ ಗ್ರಂಥಿ ಉದ್ದಕ್ಕೆ ಹುರುಳಿಬೀಜದ ಆಕಾರದಲ್ಲಿದೆ. ಮಿಲನದ ಕಾಲದಲ್ಲಿ ಗಂಡಿನ ಗಂಟಲು ಹಳದಿಗೆ ತಿರುಗುತ್ತದೆ. ಮೊಟ್ಟೆಗಳು ಲೋಳೆಯ ಉದ್ದನೆ ದಾರಗಳಲ್ಲಿ ಪೋಣಿಸಿದಂತೆ ನೀರಿನ ಹುಲ್ಲಿಗೆ ಸುತ್ತಿಕೊಂಡಿರುತ್ತವೆ.

ಇದರ ಜೊತೆಗೆ ಅದೇ ಗದ್ದೆಯ ಅಂಚಿನ ಕೆಸರುಗುಂಡಿಗಳಲ್ಲಿ ಕೂಗುವ ಕುಳ್ಳ ನೆಲಗಪ್ಪೆಯೊಂದಿದೆ. 4 ಸೆಂಟಿಮೀಟರ್ ದಾಟುವುದು ಅಪರೂಪ; ಏಣುಗಳು ತಗ್ಗು, ಪ್ಯಾರಟಾಯ್ಡ್ ಗ್ರಂಥಿ ಮೊಟಕು. ಇದು ಡಟ್ಟಾಫ್ರೈನಸ್ ಸ್ಕೇಬರ್. ಜಿಲ್ಲಾಮಟ್ಟದ ಪಟ್ಟಿಗಳನ್ನು ಮಾಡುವವರು ಇಲ್ಲಿ ಎಚ್ಚರ ವಹಿಸಬೇಕು. ಮೆಲಾನೊಸ್ಟಿಕ್ಟಸ್‌ನ ಮರಿಗಳಲ್ಲೂ ಏಣುಗಳು ಇನ್ನೂ ಬೆಳೆದಿರುವುದಿಲ್ಲ, ಕಿವಿಪಟಲ ಮಸುಕಾಗಿರುತ್ತದೆ. ಏಣಿಲ್ಲ ಎಂಬ ಒಂದೇ ಕಾರಣಕ್ಕೆ ಮರಿಯನ್ನು ಸ್ಕೇಬರ್ ಎಂದೋ ಸ್ಟೊಮ್ಯಾಟಿಕಸ್ ಎಂದೋ ಬರೆದುಬಿಡುವುದು ಸುಲಭ. ನನ್ನ ಮಟ್ಟಿಗೆ ನಂಬಬಹುದಾದ ಗುರುತು ಕೂಗು. ಆ ಅಳತೆಯಲ್ಲಿ ಗಂಟಲುಬ್ಬಿಸಿ ಕೂಗುವ ಗಂಡು ಮರಿಯಾಗಿರಲಾರದು. ಕೂಗು ಸಿಗದಿದ್ದಲ್ಲಿ ಬರೀ ಅಳತೆಯ ಮೇಲೆ ದಾಖಲೆ ಮಾಡುವುದಕ್ಕಿಂತ ಪ್ರಭೇದದ ಹೆಸರನ್ನು ಬಿಡುವುದೇ ಲೇಸು. ಸ್ಟೊಮ್ಯಾಟಿಕಸ್‌ಗೆ ಬಲಿತಾಗಲೂ ತಲೆಯ ಏಣುಗಳಿಲ್ಲ, ಜೊತೆಗೆ ಹಿಂಗಾಲಿನ ಪಾದದ ಮೇಲ್ಭಾಗದಲ್ಲಿ ಚರ್ಮದ ಮಡಿಕೆಯಿದೆ. ಮರಿಗಳ ಗೊಂದಲಕ್ಕೆ ಸಿಕ್ಕದ ಲಕ್ಷಣ ಅದು.

ಷ್ನೈಡರ್‌ನ ಸೀಸೆ

ಯೋಹಾನ್ ಗಾಟ್ಲೋಬ್ ಷ್ನೈಡರ್ ವೃತ್ತಿಯಿಂದ ಗ್ರೀಕ್ ವಿದ್ವಾಂಸ. ಪ್ರಾಣಿಶಾಸ್ತ್ರದಲ್ಲೂ ಅಷ್ಟೇ ಪಳಗಿದ ಕೈ. 1799ರಲ್ಲಿ ಯೇನಾದಿಂದ ಪ್ರಕಟವಾದ ಅವನ ಲ್ಯಾಟಿನ್ ಗ್ರಂಥದಲ್ಲಿ ಬುಫೋ ಮೆಲಾನೊಸ್ಟಿಕ್ಟಸ್ ಮತ್ತು ಬುಫೋ ಸ್ಕೇಬರ್ ಎರಡೂ ಮೊದಲ ಬಾರಿಗೆ ಕಾಣಿಸಿಕೊಂಡವು. ಅವನ ಮುಂದಿದ್ದುದು ಬರ್ಲಿನ್ನಿನ ವೈದ್ಯ, ಮೀನುಶಾಸ್ತ್ರಜ್ಞ ಮಾರ್ಕುಸ್ ಎಲೀಸರ್ ಬ್ಲಾಖ್ ಕೂಡಿಟ್ಟಿದ್ದ, ಮದ್ಯಸಾರದಲ್ಲಿ ಕಾದಿರಿಸಿದ ಪ್ರಾಣಿಗಳು. ಬ್ಲಾಖ್ ತೀರಿಕೊಂಡದ್ದು ಅದೇ 1799ರಲ್ಲಿ. ಅವನ ಮೀನುಗಳ ಮಹಾಗ್ರಂಥವನ್ನು 1801ರಲ್ಲಿ ಪೂರೈಸಿ ಹೊರತಂದವನೂ ಷ್ನೈಡರನೇ. ಬ್ಲಾಖ್‌ನ ಸಂಗ್ರಹ ಮುಂದೆ ಬರ್ಲಿನ್ನಿನ ಪ್ರಾಣಿಶಾಸ್ತ್ರ ಮ್ಯೂಸಿಯಂ ಸೇರಿತು. ಅಲ್ಲಿ ವಿಲ್ಹೆಲ್ಮ್ ಪೀಟರ್ಸ್ 1863ರಲ್ಲಿ ಷ್ನೈಡರ್‌ನ ಮಾದರಿಗಳನ್ನು ಗುರುತು ಹಚ್ಚಿ ಪಟ್ಟಿ ಮಾಡಿದ.

ಮೆಲಾನೊಸ್ಟಿಕ್ಟಸ್‌ನ ಊರಿನ ಬಗ್ಗೆ ಷ್ನೈಡರ್ ಕೊಟ್ಟ ಮಾಹಿತಿ ಇಷ್ಟೇ: ‘ಎಕ್ಸ್ ಇಂಡಿಯಾ ಓರಿಯೆಂಟಾಲಿ’. ಹದಿನೆಂಟನೇ ಶತಮಾನದ ಯುರೋಪಿನ ಬರಹದಲ್ಲಿ ಈ ಮಾತು ಮಲಬಾರಿನಿಂದ ಹಿಡಿದು ಮಲುಕು ದ್ವೀಪಗಳವರೆಗೆ ಎಲ್ಲಿಗೂ ಸಲ್ಲುತ್ತಿತ್ತು. ಎರಡು ಶತಮಾನಗಳ ಕಾಲ ಇದರಿಂದ ತೊಂದರೆಯಾಗಲಿಲ್ಲ, ಏಕೆಂದರೆ ಇಡೀ ಪ್ರದೇಶದ ಕಪ್ಪೆ ಒಂದೇ ಎಂದು ಎಲ್ಲರೂ ನಂಬಿದ್ದರು. 1890ರ ಬೂಲೆಂಜರ್‌ನ ‘ಬ್ರಿಟಿಷ್ ಇಂಡಿಯಾ ಪ್ರಾಣಿಸಂಪತ್ತು’ ಸಂಪುಟದ ಕಾಲಕ್ಕೆ ಆ ನಂಬಿಕೆ ಪಠ್ಯಪುಸ್ತಕದ ಮಾತಾಗಿ ಹೋಗಿತ್ತು.

2016ರಲ್ಲಿ ಗ್ವಿನೆವೀರ್ ವೋಗನ್ ಮತ್ತು ಸಂಗಡಿಗರ ಅಧ್ಯಯನ ಅದನ್ನು ಅಲುಗಿಸಿತು. ಮನುಷ್ಯರ ಜೊತೆ ಬಾಳುವ, ಸರಕಿನೊಂದಿಗೆ ಊರೂರು ತಿರುಗುವ ಈ ಕಪ್ಪೆಯಲ್ಲಿ ಪ್ರಾದೇಶಿಕ ಭೇದ ಕಡಿಮೆಯಿರಬೇಕೆಂದು ಅವರು ಊಹಿಸಿದ್ದರು. ಸಿಕ್ಕದ್ದು ಅದಕ್ಕೆ ವಿರುದ್ಧವಾದ ಫಲಿತಾಂಶ: ಏಷ್ಯಾದ ಮುಖ್ಯನೆಲ, ಮ್ಯಾನ್ಮಾರ್‌ನ ಕರಾವಳಿ, ಸುಂಡಾ ದ್ವೀಪಗಳು ಎಂಬ ಮೂರು ಸ್ಪಷ್ಟ ಕವಲುಗಳು. ಅನುವಂಶೀಯವಾಗಿಯೂ ವಾಸದ ನೆಲೆಯಲ್ಲೂ ಅವು ಬೇರೆ ಬೇರೆ. ಆ ಕೆಲಸದ ಒತ್ತು ಆಗ್ನೇಯ ಏಷ್ಯಾದ ಮೇಲಿತ್ತು ಎಂಬುದನ್ನು ಮರೆಯಬಾರದು. ದಖನ್ನಿನ ಬಯಲನ್ನು ಅದರ ಮೇಲೆ ತೀರ್ಮಾನಿಸಲಾಗದು. ಆದರೆ ಒಂದೇ ಪ್ರಭೇದ ಎಂಬ ಹಳೆಯ ನೆಮ್ಮದಿ ಮಾತ್ರ ಅಲ್ಲಿಗೆ ಮುಗಿಯಿತು. ಉಪಖಂಡದ ಕಪ್ಪೆಗಳೇ ಪ್ರತ್ಯೇಕ ಪ್ರಭೇದವೆಂದು ಒಪ್ಪಿದ ಕ್ಷಣ ‘ಇಂಡಿಯಾ ಓರಿಯೆಂಟಾಲಿ’ ಎಂದರೆ ಯಾವ ಊರು ಎಂಬ ಪ್ರಶ್ನೆಗೆ ಉತ್ತರ ಬೇಕೇ ಬೇಕು. ಷ್ನೈಡರ್‌ನ ಕಪ್ಪೆ ಜಾವಾದ್ದಾದರೆ ಅವನ ಹೆಸರು ಸುಂಡಾ ಕವಲಿಗೆ ಹೋಗುತ್ತದೆ, ಉಪಖಂಡದ ಕಪ್ಪೆಗೆ ಮುಂದಿನ ಹಳೆಯ ಹೆಸರು ಹುಡುಕಬೇಕಾಗುತ್ತದೆ. 1802ರ ಬೆಂಗಾಲೆನ್ಸಿಸ್ ಮುನ್ನೆಲೆಗೆ ಬರುವುದು ಹೀಗೆ. ಷ್ನೈಡರ್‌ನ ಕಪ್ಪೆ ಭಾರತದ್ದೋ ಸಿಂಹಳದ್ದೋ ಆದರೆ ಆದ್ಯತೆಯ ನಿಯಮದಂತೆ ಮೆಲಾನೊಸ್ಟಿಕ್ಟಸ್ ಎಂಬ ಹೆಸರು ನಮ್ಮಲ್ಲೇ ಉಳಿಯುತ್ತದೆ, ಹೊಸ ಹೆಸರು ಬೇಕಾಗುವುದು ಪೂರ್ವದವರಿಗೆ. ಅಲ್ಲೂ ಹಳೆಯ ಹೆಸರುಗಳಿಗೆ ಬರವಿಲ್ಲ. 1858ರಲ್ಲಿ ಬ್ಲೀಕರ್ ಕೊಟ್ಟ ಗಿಮ್ನಾಕೆನ್ ಅಂಥದೊಂದು.

ಜಾವಾ ಪಕ್ಷದ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಬಟಾವಿಯಾ ಡಚ್ಚರ ವ್ಯಾಪಾರದ ಹೃದಯವಾಗಿತ್ತು, ಅಲ್ಲಿನ ಪ್ರಾಣಿಗಳು ಆಮ್‌ಸ್ಟರ್‌ಡ್ಯಾಮಿನ ಮಾರಾಟಗಳ ಮೂಲಕ ಯುರೋಪಿನ ಸಂಗ್ರಹಕಾರರಿಗೆ ಸಿಗುತ್ತಿದ್ದವು. ಬ್ಲಾಖ್‌ನ ಮೀನುಗಳಲ್ಲಿ ಊರಿನ ಹೆಸರು ತಪ್ಪಿರುವ ಉದಾಹರಣೆಗಳಿವೆ. ಮೆಲಾನೊಸ್ಟಿಕ್ಟಸ್ ಕೂಟದ ಕಪ್ಪೆ ಜಾವಾದಲ್ಲಿ ಧಾರಾಳವಾಗಿದೆ. ಮೂರೂ ನಿಜ. ಆದರೆ ಇವುಗಳಿಂದ ಸಿದ್ಧವಾಗುವುದು ಕಪ್ಪೆ ಜಾವಾದಿಂದ ಬಂದಿರಬಹುದು ಎಂಬಷ್ಟೇ. ಬಂದಿದೆ ಎನ್ನಲು ಬೇರೆ ಸಾಕ್ಷ್ಯ ಬೇಕು.

ಜೊತೆಗಾರರ ಸಾಕ್ಷ್ಯ

ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಮೆಲಾನೊಸ್ಟಿಕ್ಟಸ್ ಎಲ್ಲೆಡೆ ಹರಡಿದ ಪ್ರಾಣಿಯಾದ್ದರಿಂದ ಅದರ ಮೈ ನೋಡಿ ಊರು ಹೇಳುವುದು ಕಷ್ಟ. ಎಲ್ಲೆಡೆ ಹರಡದ ಪ್ರಾಣಿಗಳು ಹಾಗಲ್ಲ, ಅವು ತಮ್ಮ ಊರನ್ನು ತಾವೇ ಹೇಳುತ್ತವೆ. ಹಾಗಾದರೆ ಕೇಳಬೇಕಾದ ಪ್ರಶ್ನೆ: ಅದೇ 1799ರ ಗ್ರಂಥದಲ್ಲಿ ಷ್ನೈಡರ್ ಹೊಸದಾಗಿ ಹೆಸರಿಸಿದ ಏಷ್ಯಾದ ಇತರ ಕಪ್ಪೆಗಳು ಯಾವುವು, ಅವು ಎಲ್ಲಿ ಬಾಳುತ್ತವೆ?

ಮೊದಲನೆಯದು ಸ್ಕೇಬರ್. ಈ ಹೆಸರು ಬಹುಕಾಲ ಗೊಂದಲದಲ್ಲಿತ್ತು. ದೊದಾಂ 1802ರಲ್ಲಿ ಅದೇ ಹೆಸರನ್ನು ಬೇರೆಯೇ ಕಪ್ಪೆಗೆ ಬಳಸಿದ. ಹತ್ತೊಂಬತ್ತನೇ ಶತಮಾನದಲ್ಲಿ ಬುಫೋ ಸ್ಕೇಬರ್ ಎಂದರೆ ದೊಡ್ಡ ನೆಲಗಪ್ಪೆ ಎಂಬ ಬಳಕೆಯೂ ಇತ್ತು. ನಿಜವಾದ ಕುಳ್ಳ ಕಪ್ಪೆಯನ್ನು 1892ರಲ್ಲಿ ಬೂಲೆಂಜರ್ ತಿರುವನಂತಪುರದ ಹೆರಾಲ್ಡ್ ಫರ್ಗುಸನ್‌ನ ಹೆಸರಿನಲ್ಲಿ ಫರ್ಗುಸೋನಿ ಎಂದು ಹೊಸದಾಗಿ ವರ್ಣಿಸಿದ. 1999ರಲ್ಲಿ ಅಲ್ಯಾಂ ದ್ಯುಬ್ವಾ ಮತ್ತು ಆನ್‌ಮರಿ ಓಲರ್ ಹಳೆಯ ಮಾದರಿಗಳನ್ನು ಮರುಪರಿಶೀಲಿಸಿ, ಷ್ನೈಡರ್‌ನ ಸ್ಕೇಬರ್ ಮತ್ತು ಬೂಲೆಂಜರ್‌ನ ಫರ್ಗುಸೋನಿ ಒಂದೇ ಎಂದು ತೋರಿಸಿ ಹಳೆಯ ಹೆಸರನ್ನು ಮರಳಿ ತಂದರು. ಅವರ ಈ ತೀರ್ಮಾನವನ್ನು ನಾಮಕರಣದ ಸ್ವಚ್ಛತಾ ಕೆಲಸವೆಂದಷ್ಟೇ ನೋಡುವ ರೂಢಿಯಿದೆ. ಅದರಲ್ಲಿ ಭೂಗೋಳದ ಸಾಕ್ಷ್ಯವೂ ಇದೆ. ಸ್ಕೇಬರ್ ಬಾಳುವುದು ಭಾರತದ ಪರ್ಯಾಯದ್ವೀಪದಲ್ಲಿ ಮತ್ತು ಶ್ರೀಲಂಕಾದಲ್ಲಿ. ಜಾವಾದಲ್ಲಿ ಇಲ್ಲ. ಅಂದರೆ ಷ್ನೈಡರ್‌ನ ಕೈಸೇರಿದ ನೆಲಗಪ್ಪೆಗಳಲ್ಲಿ ಒಂದಾದರೂ ನಿಶ್ಚಯವಾಗಿ ಈ ಕಡೆಯದು.

ಒಂದರಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ಒಂದೇ ಇಲ್ಲ. ನಮ್ಮ ಕೆರೆಗಳ ನೀರಿನ ಮೇಲೆ ತಟಪಟ ಹಾರಿ ಓಡುವ ಕಪ್ಪೆ, ಇಂದಿನ ಯೂಫ್ಲಿಕ್ಟಿಸ್ ಸಯನೋಫ್ಲಿಕ್ಟಿಸ್, ಷ್ನೈಡರ್ 1799ರಲ್ಲಿ ಹೆಸರಿಸಿದ್ದು. ಮಣ್ಣು ತೋಡಿ ಹಿಂದುಮುಂದಾಗಿ ಇಳಿಯುವ ಸ್ಫೇರೊಥೀಕಾ ಬ್ರೆವಿಸೆಪ್ಸ್ ಕೂಡ ಅವನದೇ. ಮೈಯೆಲ್ಲ ಉಬ್ಬಿಸಿಕೊಂಡು ಮೊದಲ ಮಳೆಗೆ ಮಾತ್ರ ಮೇಲೆ ಬರುವ ಯೂಪೆರೊಡಾನ್ ಸಿಸ್ಟೋಮಾ ಕೂಡ ಅವನದು. ಈ ಮೂರರಲ್ಲಿ ಒಂದೂ ಜಾವಾದಲ್ಲಿಲ್ಲ. ಮೂರೂ ದಕ್ಷಿಣ ಏಷ್ಯಾದವು, ಮೂರೂ ಕೋರಮಂಡಲ ಕರಾವಳಿಯ ಬಯಲಿನಲ್ಲಿ ಸಾಮಾನ್ಯ. ಸ್ಕೇಬರ್ ಸೇರಿ ನಾಲ್ಕು. ಮೆಲಾನೊಸ್ಟಿಕ್ಟಸ್ ಐದನೆಯದು. ಈ ಐದರ ಪೈಕಿ ಊರು ಹೇಳಬಲ್ಲ ನಾಲ್ಕೂ ಒಂದೇ ದಿಕ್ಕಿಗೆ ಕೈತೋರಿಸುವಾಗ, ಹೇಳಲಾಗದ ಐದನೆಯದನ್ನು ಮಾತ್ರ ಸಮುದ್ರದಾಚೆಯದೆಂದು ಎಣಿಸಲು ವಿಶೇಷ ಕಾರಣ ಬೇಕು. ಅಂಥ ಕಾರಣವನ್ನು ಯಾರೂ ಕೊಟ್ಟಿಲ್ಲ.

ಕಪ್ಪೆಗಳು ಬಂದ ದಾರಿಯೂ ತಕ್ಕಮಟ್ಟಿಗೆ ತಿಳಿದದ್ದೇ. ಇಂದಿನ ತಮಿಳುನಾಡಿನ ತರಂಗಂಬಾಡಿ 1620ರಿಂದ 1845ರವರೆಗೆ ಡೇನಿಷರ ವಸಾಹತಾಗಿತ್ತು. ಯುರೋಪಿನವರಿಗೆ ಅದು ಟ್ರಾಂಕೆಬಾರ್. ಅಲ್ಲಿ ನೆಲೆಸಿದ್ದ ಜರ್ಮನ್ ಪಾದ್ರಿ ಕ್ರಿಸ್ಟೊಫ್ ಸಾಮ್ಯುಯೆಲ್ ಜಾನ್ ಕರಾವಳಿಯ ಮೀನುಗಳನ್ನು ಬ್ಲಾಖ್‌ಗೆ ಕಳಿಸುತ್ತಿದ್ದ. ಕೃತಜ್ಞತೆಯಿಂದ ಬ್ಲಾಖ್ ಜಾನಿಯಸ್ ಎಂಬ ಮೀನಿನ ಜಾತಿಗೇ ಅವನ ಹೆಸರಿಟ್ಟ. ನಮ್ಮ ಹೊಲಗಳಲ್ಲಿ ಎರಡು ತಲೆಯ ಹಾವು ಎಂದು ಕರೆಸಿಕೊಳ್ಳುವ, ಕಳ್ಳಸಾಗಣೆಯ ಸುದ್ದಿಗಳಲ್ಲಿ ಪದೇಪದೇ ಬರುವ ಮಣ್ಣುಮುಕ್ಕ ಹಾವಿನ ಶಾಸ್ತ್ರೀಯ ಹೆಸರು ಎರಿಕ್ಸ್ ಜಾನಿ. ಅದೂ ಇದೇ ಪಾದ್ರಿಯ ನೆನಪು. ಬರ್ಲಿನ್ ಮ್ಯೂಸಿಯಂನಲ್ಲಿರುವ ದಕ್ಷಿಣ ಏಷ್ಯಾದ ಐತಿಹಾಸಿಕ ಮಾದರಿಗಳ ಬಗ್ಗೆ ಆರನ್ ಬವರ್ 1998ರಲ್ಲಿ ಬರೆದ ಲೇಖನದ ನಂತರ ಷ್ನೈಡರ್‌ನ ಕಪ್ಪೆಗಳ ಚರ್ಚೆಯಲ್ಲಿ ತರಂಗಂಬಾಡಿಯ ಹೆಸರು ತಪ್ಪದೆ ಬರುತ್ತದೆ. ಬ್ರೆವಿಸೆಪ್ಸ್ ಮತ್ತು ಸಯನೋಫ್ಲಿಕ್ಟಿಸ್‌ಗಳ ಮಾದರಿ ನೆಲೆಯೆಂದು ಇಂದು ಗುರುತಿಸುವುದೂ ಆ ಊರನ್ನೇ.

ಇಲ್ಲಿಗೆ ನಿಲ್ಲಿಸಿ, ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಎದುರಿಸಬೇಕು. ಮೊದಲ ಆಕ್ಷೇಪ ಸಿಂಹಳದ್ದು. ಶ್ರೀಲಂಕಾದ ಕರಾವಳಿ 1796ರವರೆಗೆ ಡಚ್ಚರ ಕೈಯಲ್ಲಿತ್ತು. ಸ್ಕೇಬರ್ ಅಲ್ಲಿಯೂ ಇದೆ, ಸಿಸ್ಟೋಮಾ ಕೂಡ. ಹಾಗಾಗಿ ಈ ಕಪ್ಪೆಗಳು ಪಾದ್ರಿ ಜಾನ್‌ನ ಕೈಯಿಂದಲ್ಲ, ಕೊಲಂಬೊದಿಂದ ಡಚ್ ಹಡಗಿನಲ್ಲಿ ಬಂದಿರಲೂಬಹುದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೆಲಾನೊಸ್ಟಿಕ್ಟಸ್‌ನ ಮಾದರಿ ನೆಲೆ ತರಂಗಂಬಾಡಿಯೇ ಎಂದು ಹೇಳುವ ಧೈರ್ಯ ನನಗಿಲ್ಲದಿರುವುದು ಇದೇ ಕಾರಣಕ್ಕೆ. ಆದರೆ ಕೊಲಂಬೊ ಆಗಲಿ ತರಂಗಂಬಾಡಿಯಾಗಲಿ, ಎರಡೂ ಸುಂಡಾ ದ್ವೀಪಗಳ ಹೊರಗಿವೆ. ಹೆಸರು ದಕ್ಷಿಣ ಏಷ್ಯಾದಲ್ಲೇ ಉಳಿಯಬೇಕೆಂಬ ತೀರ್ಮಾನಕ್ಕೆ ಅದರಿಂದ ಧಕ್ಕೆಯಿಲ್ಲ. ಊರಿನ ಹೆಸರನ್ನು ಹೇಳಿದಷ್ಟೂ ವಾದ ತೆಳುವಾಗುತ್ತದೆ, ಪ್ರದೇಶವನ್ನು ಹೇಳಿದರೆ ಗಟ್ಟಿಯಾಗುತ್ತದೆ.

ಎರಡನೆಯದು ಇನ್ನೂ ಕಠಿಣ. ಒಂದು ಸಂಗ್ರಹದ ನಾಲ್ಕು ಸೀಸೆ ಒಂದೆಡೆಯಿಂದ ಬಂದರೆ ಐದನೆಯದೂ ಅಲ್ಲಿಂದಲೇ ಬರಬೇಕೆಂಬ ನಿಯಮವಿಲ್ಲ. ಬ್ಲಾಖ್ ಹಲವು ಕಡೆಯಿಂದ ಪ್ರಾಣಿಗಳನ್ನು ಪಡೆದವನು. ಮೆಲಾನೊಸ್ಟಿಕ್ಟಸ್‌ಗೆ ಷ್ನೈಡರ್ ಒಂದಕ್ಕಿಂತ ಹೆಚ್ಚು ಮಾದರಿಗಳನ್ನು ನೋಡಿದ್ದರಿಂದ ಅವೆಲ್ಲವೂ ಒಂದೇ ಊರಿನವು ಎನ್ನುವ ಖಾತ್ರಿಯೂ ಇಲ್ಲ. ಹಾಗಾಗಿ ನನ್ನ ವಾದ ಸಂಭಾವ್ಯತೆಯ ವಾದವೇ ಹೊರತು ರುಜುವಾತಲ್ಲ. ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ ಇದು ಸಾಂದರ್ಭಿಕ ಸಾಕ್ಷ್ಯ, ಪ್ರತ್ಯಕ್ಷ ಸಾಕ್ಷ್ಯವಲ್ಲ. ಆದರೂ ಸಾಕ್ಷ್ಯದ ಹೊರೆ ಯಾರ ಮೇಲಿದೆ ಎಂಬುದನ್ನು ಮರೆಯಬಾರದು. ಎರಡು ಶತಮಾನ ಉಪಖಂಡದಲ್ಲಿ ಬಳಕೆಯಲ್ಲಿದ್ದ ಹೆಸರನ್ನು ಕಿತ್ತು ಬೇರೆಡೆ ನೆಡಬೇಕೆನ್ನುವವರು ತಮ್ಮ ಪಕ್ಷದ ಆಧಾರ ತೋರಿಸಬೇಕು. ‘ಇಂಡಿಯಾ ಓರಿಯೆಂಟಾಲಿ’ ಅಸ್ಪಷ್ಟ ಎಂಬುದು ಆಧಾರವಾಗದು; ಅದೇ ಅಸ್ಪಷ್ಟ ಮಾತು ಸ್ಕೇಬರ್‌ನ ಮುಂದೆಯೂ ಇದೆ, ಸ್ಕೇಬರ್ ಮಾತ್ರ ಯಾವ ಅನುಮಾನಕ್ಕೂ ಎಡೆಯಿಲ್ಲದೆ ಈ ನೆಲದ್ದು.

ಮೂರನೆಯ ಆಕ್ಷೇಪ ಕಪ್ಪೆಯ ಮೈಯನ್ನೇ ನೋಡಿ ಎನ್ನುತ್ತದೆ: ಏಣುಗಳ ಎತ್ತರ, ನರುಲಿಗಳ ಮುಳ್ಳು, ಗ್ರಂಥಿಯ ಉದ್ದ ಅಳೆದರೆ ತಿಳಿಯದೇ? ತಿಳಿಯುವುದೆಂದು ನನಗನ್ನಿಸುವುದಿಲ್ಲ. ಆನೆಕೊಂಡದ ಒಂದೇ ಗದ್ದೆಯಲ್ಲಿ ಸಿಗುವ ಬಲಿತ ಹೆಣ್ಣುಗಳಲ್ಲೇ ಏಣಿನ ಕಪ್ಪು ಮತ್ತು ಮುಳ್ಳಿನ ಮೊನಚು ಒಂದರಿಂದೊಂದಕ್ಕೆ ಬದಲಾಗುತ್ತದೆ. ವಯಸ್ಸು, ಲಿಂಗ, ಋತು ಮೂರೂ ಅದರಲ್ಲಿ ಕೈಯಾಡಿಸುತ್ತವೆ. ಮದ್ಯಸಾರದಲ್ಲಿ ಎರಡು ಶತಮಾನ ಕುಳಿತ ಮಾದರಿಯ ಚರ್ಮದ ಮೇಲೆ ಇಂಥ ಲಕ್ಷಣಗಳನ್ನು ಓದುವುದು ಇನ್ನೂ ಅಪಾಯದ ಕೆಲಸ.

ಹಾಗಾದರೆ ಯಾವುದರಿಂದ ತೀರ್ಮಾನ? ಸೀಸೆಯೊಳಗಿನ ಪ್ರಾಣಿಯ ಡಿಎನ್‌ಎಯಿಂದ. ಪ್ರಾಣಿಗಳನ್ನು ಫಾರ್ಮಲಿನ್‌ನಲ್ಲಿ ಕಾದಿಡುವ ಪದ್ಧತಿ 1893ರ ಸುಮಾರಿಗೆ ಫರ್ಡಿನಾಂಡ್ ಬ್ಲೂಮ್‌ನ ಪ್ರಯೋಗಗಳ ನಂತರ ಬಂದದ್ದು. ಬ್ಲಾಖ್‌ನ ಮಾದರಿಗಳು ಸಂಗ್ರಹವಾದದ್ದು ಅದಕ್ಕೂ ಒಂದು ಶತಮಾನ ಮೊದಲು. ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುವಷ್ಟು ಮದ್ಯಸಾರ ಮಾಡುವುದಿಲ್ಲ. ಚೂರುಚೂರಾದ ಹಳೆಯ ಡಿಎನ್‌ಎಯನ್ನು ಓದುವ ವಿಧಾನಗಳು ಈಗ ಮ್ಯೂಸಿಯಂ ಮಾದರಿಗಳ ಮೇಲೆ ಯಶಸ್ವಿಯಾಗಿ ಬಳಕೆಯಾಗುತ್ತಿವೆ. ಆದ್ದರಿಂದ ಬರ್ಲಿನ್ನಿನ ಲೆಕ್ಟೊಟೈಪ್‌ನಿಂದ, ಅಂದರೆ ಹೆಸರಿಗೆ ಆಧಾರವೆಂದು ಆರಿಸಿಟ್ಟ ಮಾದರಿಯಿಂದ, ಚಿಕ್ಕದೊಂದು ಅಂಗಾಂಶ ತೆಗೆದು ಓದಿದರೆ ನನ್ನ ಇಷ್ಟೂ ವಾದ ಒಂದೇ ದಿನದಲ್ಲಿ ನಿಲ್ಲಬಹುದು ಅಥವಾ ಬೀಳಬಹುದು. ಬಿದ್ದರೆ ನಾನು ಬೆಂಗಾಲೆನ್ಸಿಸ್ ಎಂದು ಬರೆಯಲು ಸಿದ್ಧ. ಅಲ್ಲಿಯವರೆಗೆ ಹೆಸರು ಬದಲಿಸಲು ಕಾರಣವಿಲ್ಲ.

ಕರ್ನಾಟಕದವರಿಗೆ ಈ ಪ್ರಶ್ನೆ ಯಾಕೆ ಮುಖ್ಯ

ಸ್ಫೇರೊಥೀಕಾದ ಉದಾಹರಣೆ ಕಣ್ಣಮುಂದಿದೆ. ಭಾರತದುದ್ದಕ್ಕೂ ಬ್ರೆವಿಸೆಪ್ಸ್ ಎಂದು ಕರೆಯುತ್ತಿದ್ದ ತೋಡುಗಪ್ಪೆಗಳನ್ನು 2017ರಲ್ಲಿ ಮರುಪರಿಶೀಲಿಸಿದಾಗ ಷ್ನೈಡರ್‌ನ ಹೆಸರು ಆಗ್ನೇಯ ಕರಾವಳಿಯ ಕಪ್ಪೆಗಳಲ್ಲಿ ನಿಂತಿತು, ಪಶ್ಚಿಮದವುಗಳಿಗೆ ಪಶ್ಚಿಮಾ ಎಂಬ ಹೊಸ ಹೆಸರು ಬಂತು. 2020ರಲ್ಲಿ ಬೆಂಗಳೂರಿನ ಹೊರವಲಯದಿಂದಲೇ ಸ್ಫೇರೊಥೀಕಾ ಬೆಂಗಳೂರು ಎಂಬ ಪ್ರಭೇದ ವರ್ಣನೆಯಾಯಿತು. ಮಹಾನಗರದ ಬದಿಯಲ್ಲೇ ಹೆಸರಿಲ್ಲದ ಕಪ್ಪೆಯಿತ್ತೆಂದರೆ, ಯಾರೂ ಗಮನಿಸದ ಬಯಲುಸೀಮೆಯಲ್ಲಿ ಏನಿದೆಯೆಂದು ಮೊದಲೇ ಹೇಳಿಬಿಡಲಾಗದು. ನಮ್ಮ ಉಭಯವಾಸಿ ಅಧ್ಯಯನ ಬಹುಪಾಲು ಘಟ್ಟದ ಕಾಡಿನ ಕಡೆಗೆ ಮುಖ ಮಾಡಿದೆ. ಅದು ತಪ್ಪಲ್ಲ, ಅಲ್ಲಿನ ಸಂಪತ್ತು ದೊಡ್ಡದು. ಆದರೆ ನೆಲಗಪ್ಪೆಗಳ ಮಟ್ಟಿಗೆ ನಿರ್ಣಾಯಕ ಸಾಕ್ಷ್ಯ ಸಿಗಬೇಕಾದ್ದು ಬಯಲಿನಲ್ಲಿ. ಷ್ನೈಡರ್‌ನ ಗ್ರಂಥದ ಎರಡು ನೆಲಗಪ್ಪೆಗಳೂ ಅವುಗಳ ಜೊತೆಗಾರರ ಹತ್ತಿರದ ಬಂಧುಗಳೂ ಮೊದಲ ಮಳೆಯ ನಂತರ ಇಲ್ಲಿನ ಒಂದೇ ಗದ್ದೆ-ಕೆರೆಯ ಬಯಲಿನಲ್ಲಿ ಕಾಣಸಿಗುವಂಥವು.

ಇನ್ನೊಂದು ಕಾರಣವೂ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ, 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆ ಆರಂಭವಾದಾಗ ಅದರ ಸಂಪಾದಕರಾಗಿದ್ದ ಸಿ. ಆರ್. ನಾರಾಯಣ ರಾವ್ ಹಾಸನ ಜಿಲ್ಲೆಯ ಕೆಂಪುಹೊಳೆಯಿಂದ 1937ರಲ್ಲಿ ಬುಫೋ ಬ್ರೆವಿರೋಸ್ಟ್ರಿಸ್ ಎಂಬ ನೆಲಗಪ್ಪೆಯನ್ನು ವರ್ಣಿಸಿದರು. ಅವರ ಮಾದರಿಗಳು ಕಳೆದುಹೋಗಿವೆ. ಷ್ನೈಡರ್‌ನ ಹೆಸರಿಗೆ ಊರಿಲ್ಲದಿದ್ದರೂ ದೇಹವಿದೆ, ರಾಯರ ಹೆಸರಿಗೆ ಊರಿದ್ದರೂ ದೇಹವಿಲ್ಲ. ಅವರ ನೆನಪಿಗೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂಬ ಮರಗಪ್ಪೆಯ ಜಾತಿ ಸ್ಥಾಪನೆಯಾದದ್ದು, ಅದೂ ‘ಕರೆಂಟ್ ಸೈನ್ಸ್’ನಲ್ಲೇ ಪ್ರಕಟವಾದದ್ದು ಸಂತೋಷದ ಸಂಗತಿ. ಆದರೆ ಕೆಂಪುಹೊಳೆಯ ನೆಲಗಪ್ಪೆಯ ಹೆಸರಿಗೆ ಆಸರೆಯಾಗಬೇಕಾದ ಮೂಲ ಮಾದರಿಯನ್ನು ಯಾವ ಗೌರವವೂ ತಂದುಕೊಡದು. ಈ ನಷ್ಟಕ್ಕೆ ಹೋಲಿಸಿದರೆ ಬರ್ಲಿನ್ನಿನ ಸೀಸೆ ಎರಡು ಶತಮಾನ ಉಳಿದದ್ದೇ ದೊಡ್ಡ ಭಾಗ್ಯ.

ಹೆಸರಿನ ಚರ್ಚೆಗೆ ವ್ಯಾವಹಾರಿಕ ಮುಖವೂ ಇದೆ. 2014ರಲ್ಲಿ ಮಡಗಾಸ್ಕರ್‌ನ ತೊಮಾಸಿನಾ ಬಂದರಿನ ಸುತ್ತ ಕರಿಮುಳ್ಳಿನ ನೆಲಗಪ್ಪೆ ನೆಲೆಯೂರಿದ ಸುದ್ದಿ ಹೊರಬಿತ್ತು. ಅದರ ವಿಷಕ್ಕೆ ಅಲ್ಲಿನ ಬೇಟೆಪ್ರಾಣಿಗಳು ಒಗ್ಗಿಲ್ಲವೆಂಬ ಆತಂಕ ಇಂದಿಗೂ ಇದೆ. 2017ರ ಅಧ್ಯಯನ ಅದರ ಮೂಲವನ್ನು ಕಾಂಬೋಡಿಯಾ–ವಿಯೆಟ್ನಾಂ ಕಡೆಗೆ ಗುರುತಿಸಿತು. ಉಪಖಂಡದ ಕವಲು ಬೇರೆಯೆಂದು ಸ್ಥಿರವಾಗಿ, ಹೆಸರು ನಾನು ಹೇಳಿದಂತೆ ಇಲ್ಲೇ ಉಳಿದರೆ, ಮಡಗಾಸ್ಕರ್‌ನ ಆಕ್ರಮಣಕಾರಿಗೆ ಮೆಲಾನೊಸ್ಟಿಕ್ಟಸ್ ಎಂಬ ಹೆಸರು ಸಲ್ಲದೆ ಹೋಗಬಹುದು. ಆಗ ಭಾರತದಲ್ಲಿ ಈ ಕಪ್ಪೆಯ ಆಹಾರ, ಸಂತಾನ, ಶತ್ರುಗಳ ಬಗ್ಗೆ ಸಂಗ್ರಹವಾದ ತಿಳಿವಳಿಕೆಯನ್ನು ಅಲ್ಲಿಗೆ ಹಾಗೆಯೇ ಅನ್ವಯಿಸಬಹುದೇ ಎಂಬುದನ್ನೂ ಮತ್ತೆ ಯೋಚಿಸಬೇಕಾಗುತ್ತದೆ.

ಮೂರು ಸಂಗತಿಗಳು ಇನ್ನೂ ಇತ್ಯರ್ಥವಾಗಬೇಕಿವೆ. ಉಪಖಂಡದ ಕವಲು ನಿಜಕ್ಕೂ ಒಂದೇ ಪ್ರಭೇದವೋ, ಅದರೊಳಗೆ ಪರ್ಯಾಯದ್ವೀಪ ಮತ್ತು ಗಂಗಾಬಯಲಿನ ನಡುವೆ ಮತ್ತೊಂದು ಗಡಿಯಿದೆಯೋ ಎಂಬುದು ಮೊದಲನೆಯದು. ಗಡಿಯಿದ್ದರೆ ಮೆಲಾನೊಸ್ಟಿಕ್ಟಸ್ ದಕ್ಷಿಣದಲ್ಲಿ, ಬೆಂಗಾಲೆನ್ಸಿಸ್ ಉತ್ತರದಲ್ಲಿ, ಎರಡೂ ಹೆಸರುಗಳು ಬದುಕುವ ಸಾಧ್ಯತೆಯಿದೆ. ನನ್ನ ವಾದಕ್ಕೆ ಅದು ವಿರೋಧವಲ್ಲ. ಪೂರ್ವ ಮತ್ತು ಪಶ್ಚಿಮದ ಕವಲುಗಳು ಸಂಧಿಸುವೆಡೆ ಅವು ಬೆರೆಯುತ್ತವೆಯೇ ಎಂಬುದು ಎರಡನೆಯದು. ಮೂರನೆಯದು ಸೀಸೆಯ ಡಿಎನ್‌ಎ.

ಮೊದಲನೆಯದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮ ಜಿಲ್ಲೆಗಳಿಂದಲೇ ಶುರುವಾಗಬಹುದು. ದಾವಣಗೆರೆ, ಹರಿಹರದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಮಳೆಗಾಲದಲ್ಲಿ ನೆಲಗಪ್ಪೆಗಳ ಕೂಗನ್ನು ಧ್ವನಿಮುದ್ರಿಸಿ, ತಲೆಯ ಏಣು ಮತ್ತು ಪಾದದ ಮಡಿಕೆ ಕಾಣುವಂತೆ ಚಿತ್ರ ತೆಗೆದು, ಕಾನೂನಿನ ಅನುಮತಿಯೊಂದಿಗೆ ಅಂಗಾಂಶದ ಮಾದರಿಗಳನ್ನು ಊರು, ದಿನಾಂಕ, ನೆಲೆಯ ವಿವರ ಸಹಿತ ಕಾಯಂ ಸಂಗ್ರಹಾಲಯಕ್ಕೆ ಸೇರಿಸಬೇಕು. ಚೀಟಿಯ ಮೇಲೆ ಜಿಲ್ಲೆಯ ಹೆಸರಷ್ಟೇ ಬರೆದು ನಿಲ್ಲಿಸದೆ ಗದ್ದೆ, ನಾಲೆ, ಕೆರೆಯ ಹೆಸರನ್ನೂ ಬರೆಯಬೇಕು. ಅಲ್ಲಿಯವರೆಗೆ ಕರ್ನಾಟಕದ ಯಾವುದೇ ಪಟ್ಟಿಯಲ್ಲಿ ಈ ಕಪ್ಪೆಯನ್ನು ಡಟ್ಟಾಫ್ರೈನಸ್ ಮೆಲಾನೊಸ್ಟಿಕ್ಟಸ್ ಎಂದೇ ನಮೂದಿಸುವುದು ಸರಿ.